ಚಿಪ್ಪಣಬೆಯ ನಿಧಾನ ಮಿಡಿತ

ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳ ನೆರೆಯಲ್ಲಿರುವ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಬೆಳೆಗಾರರಿಗೆ ಒದಗಿಸುವ ಅಣಬೆ ಬೀಜವು ವಾಸ್ತವದಲ್ಲಿ ಬೀಜವಲ್ಲ, ಧಾನ್ಯದ ಕಾಳುಗಳ ಮೇಲೆ ಬೆಳೆಸಿದ ಕವಕಜಾಲ, ಅಂದರೆ ಕೂದಲಿಗಿಂತ ಸಪೂರವಾದ ಶಿಲೀಂಧ್ರದ ಎಳೆಗಳ ಬಿಳಿಯ ಹೆಣಿಗೆ. ಬೇಯಿಸಿ ಆರಿಸಿದ ಭತ್ತದ ಹುಲ್ಲಿನೊಡನೆ ಅದನ್ನು ಪದರಪದರವಾಗಿ ಚೀಲಕ್ಕೆ ತುಂಬಿ ಕತ್ತಲೆಯಲ್ಲಿಟ್ಟರೆ, ಎರಡು-ಮೂರು ವಾರಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗಿ, ಬಳಿಕ ಚಿಪ್ಪಣಬೆಯ ಗೊಂಚಲುಗಳು ಹೊರಬರುತ್ತವೆ. ನೋಡುವವರಿಗೆ ಜಡವೆನಿಸುವ ಈ ಹೆಣಿಗೆಯಲ್ಲೂ ಅದರಿಂದ ಮೂಡುವ ಅಣಬೆಯಲ್ಲೂ ವಿದ್ಯುತ್ ವಿಭವವು ಏರಿಳಿಯುತ್ತಿರುತ್ತದೆ. ಜೀವಕೋಶದ ಪೊರೆಯ ಮೂಲಕ ಅಯಾನುಗಳು, ಎಂದರೆ ವಿದ್ಯುದಾವೇಶವುಳ್ಳ ಕಣಗಳು, ಒಳಹೊರಗೆ ಚಲಿಸುವುದೇ ಇದರ ಮೂಲ. ಗುಲಾಬಿ ಚಿಪ್ಪಣಬೆಗೆ ಸೂಜಿಯಂಥ ವಿದ್ಯುದ್ವಾರಗಳನ್ನು ಚುಚ್ಚಿ ಅಳೆದ ಬ್ರಿಸ್ಟಲ್‌ನ ಸಂಶೋಧಕ ಆಂಡ್ರ್ಯೂ ಅಡಮಾಟ್ಜ್ಕಿ, ಸುಮಾರು 2.6 ನಿಮಿಷ ಮತ್ತು 14 ನಿಮಿಷಗಳಿಗೊಮ್ಮೆ ಮರುಕಳಿಸುವ ಎರಡು ಬಗೆಯ ಮಿಡಿತಗಳನ್ನು 2018ರಲ್ಲಿ ವರದಿ ಮಾಡಿದರು. ಇದನ್ನು ಅಣಬೆಗಳ ಭಾಷೆಯೆಂದು ಕರೆಯುವುದು ಆತುರದ ಮಾತು. ನರಮಂಡಲವೇ ಇಲ್ಲದ ಜೀವಿಯೊಂದು ಇಷ್ಟು ಸಾವಧಾನದ ಲಯವನ್ನು ಕಾಯ್ದುಕೊಳ್ಳುವುದೇ ಮೆಚ್ಚತಕ್ಕ ಸಂಗತಿ. ಜಪಾನಿನ ಕಾಡಿನಲ್ಲಿ ಆರು ಅಣಬೆಗಳಿಗೆ ವಿದ್ಯುದ್ವಾರ ಜೋಡಿಸಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಣಹವೆಯಲ್ಲಿ ಮಂಕಾಗಿದ್ದ ವಿಭವವು ಮಳೆ ಬಿದ್ದ ಬಳಿಕ ಚುರುಕಾಗಿ ಏರಿಳಿದು, ಕೆಲವೊಮ್ಮೆ 100 ಮಿಲಿವೋಲ್ಟ್ ದಾಟಿತು.