ಗುಮ್ಮಟ, ಕಮಾನು, ತೋರಣ: ವಾಸ್ತುಪದಗಳ ಮತೀಯ ವರ್ಗೀಕರಣವನ್ನು ಕುರಿತು

ಭಾರತೀಯ ವಾಸ್ತುಶಿಲ್ಪದ ಪಾರಿಭಾಷಿಕ ಪದಗಳನ್ನು ‘ಹಿಂದೂ’ ಮತ್ತು ‘ಇಸ್ಲಾಮಿಕ್’ ಎಂಬ ಎರಡು ಪಟ್ಟಿಗಳಲ್ಲಿ ಕೊಡುವ ರೂಢಿಗೆ ದೀರ್ಘ ಹಿನ್ನೆಲೆಯಿದೆ. ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್ ಅವರ ಪ್ರಬಂಧ 1834ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು ‘ಹಿಂದೂಗಳ ವಾಸ್ತುಶಿಲ್ಪ’ದ ಹೆಸರಿನಲ್ಲಿ. ಜೇಮ್ಸ್ ಫರ್ಗ್ಯುಸನ್ ತಮ್ಮ 1876ರ ಇತಿಹಾಸದಲ್ಲಿ ಕಟ್ಟಡಗಳನ್ನು ಬಹುಮಟ್ಟಿಗೆ ಮತಗಳ ಹೆಸರಿನಲ್ಲಿಯೇ ವಿಂಗಡಿಸಿದರು. ಪಿ.ಕೆ. ಆಚಾರ್ಯರ 1927ರ ನಿಘಂಟಿನ ಶೀರ್ಷಿಕೆಯೂ ಇದೇ ಜಾಡಿನದು. ಕಟ್ಟಡಗಳ ಈ ವಿಂಗಡಣೆ ಸರಿಯೇ ಎಂಬುದನ್ನು ಕಲಾ ಇತಿಹಾಸಕಾರರು ಚರ್ಚಿಸುತ್ತಲೇ ಬಂದಿದ್ದಾರೆ. ಅದೇ ಹಣೆಪಟ್ಟಿಯನ್ನು ಪದಗಳಿಗೂ ಹಚ್ಚಬಹುದೇ ಎಂಬುದು ಮಾತ್ರ ಭಾಷಾವಿಜ್ಞಾನದ ಪ್ರಶ್ನೆ. ಹಚ್ಚಲಾಗದು ಎಂಬುದು ಈ ಟಿಪ್ಪಣಿಯ ನಿಲುವು.

ವಿಜಯಪುರದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯನ್ನು ‘ಇಸ್ಲಾಮಿಕ್’ ಪಟ್ಟಿಯಿಂದ ಯಾರೂ ಹೊರಗಿಡರು. ಆದರೆ ಅದರ ಹೆಸರಿನ ‘ಗೋಳ’ ಸಂಸ್ಕೃತಮೂಲದ್ದು. ಉರ್ದುವಿನ ‘ಗೋಲ್’ ಕೂಡ ಅದೇ ಮೂಲದ್ದು. ‘ಗುಮ್ಮಟ’ವಾದರೋ ಪರ್ಷಿಯನ್ನಿನ ‘ಗುಂಬದ್’ಗೆ ಸಂಬಂಧಿಸಿದ್ದು. ‘ಂಬ’ ಎಂಬುದು ‘ಮ್ಮ’ ಆಗಿ, ಪದಾಂತ್ಯದ ದಂತ್ಯ ಮೂರ್ಧನ್ಯವಾಗಿ, ಕನ್ನಡದ ಸ್ವರಾಂತ ನಿಯಮಕ್ಕೆ ಅದು ಒಗ್ಗಿಕೊಂಡಿದೆ. ಮರಾಠಿಯ ‘ಘುಮಟ್’ ರೂಪವನ್ನು ಪಕ್ಕದಲ್ಲಿಟ್ಟು ನೋಡಿದರೆ ಪದ ದಖ್ಖನಿನ ಭಾಷೆಗಳಲ್ಲಿ ಎಷ್ಟು ಪಳಗಿದೆಯೆಂಬುದು ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ ‘ಜಾಲಿ’, ‘ಛತ್ರಿ’ಗಳು ಸುಲ್ತಾನರ ಹಾಗೂ ಮೊಗಲರ ಕಟ್ಟಡಗಳ ವರ್ಣನೆಯಲ್ಲಿ ಅನಿವಾರ್ಯವಾದ ಪದಗಳು; ಅವುಗಳ ಹಿಂದಿರುವುದು ‘ಜಾಲ’ ಮತ್ತು ‘ಛತ್ರ’. ಗರ್ಭಗೃಹ, ಮಿಹ್ರಾಬ್, ಮಿಂಬರ್ ಮುಂತಾದವು ಆರಾಧನೆಯ ಪದಗಳು. ಅವುಗಳಿಗೆ ಮತದ ಗುರುತು ನ್ಯಾಯವೇ. ಕಲ್ಲುಕುಟಿಗನ ಪದಗಳಿಗೆ ಅಲ್ಲ.

ಇಷ್ಟರಿಂದಲೇ ‘ಸಂಸ್ಕೃತಿಗಳ ಸಾಮರಸ್ಯ’ಕ್ಕೆ ಸಾಕ್ಷ್ಯ ಸಿಕ್ಕಿತೆಂದು ಸಂಭ್ರಮಿಸುವುದೂ ಅವಸರವೇ. ಪದಗಳು ಯುದ್ಧಕಾಲದಲ್ಲಿಯೂ ಗಡಿ ದಾಟುತ್ತವೆ. ಎರವಲು ಸಂಪರ್ಕವನ್ನು ಹೇಳುತ್ತದೆ, ಸ್ನೇಹವನ್ನಲ್ಲ.

ಮತೀಯ ಪಟ್ಟಿಯ ಹೆಚ್ಚಿನ ಹಾನಿ ಅರ್ಥದ ಮಟ್ಟದಲ್ಲಿದೆ. ‘ತೋರಣ’ ಒಂದು ಪಟ್ಟಿಯಲ್ಲಿ, ‘ಕಮಾನು’ ಇನ್ನೊಂದರಲ್ಲಿ ನಿಂತಾಗ ಅವು ಒಂದೇ ವಸ್ತುವಿನ ಎರಡು ಮತಗಳ ಹೆಸರುಗಳೆಂಬ ಭ್ರಮೆ ಹುಟ್ಟುತ್ತದೆ. ಇಂಗ್ಲಿಷಿನ ‘ಆರ್ಚ್’ ಎರಡಕ್ಕೂ ಅರ್ಥವಾಗಿ ಬಂದರಂತೂ ಭ್ರಮೆ ಗಟ್ಟಿಯಾಗುತ್ತದೆ. ಸಾಂಚಿಯ ತೋರಣ ಕಂಬಗಳ ಮೇಲೆ ಅಡ್ಡತೊಲೆಗಳನ್ನು ಹೊತ್ತ ದ್ವಾರ. ಗುಡಿಯ ಮಕರತೋರಣ ಬಾಗಿದ್ದರೂ ಅಲಂಕರಣ. ಕಮಾನಿನಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಭಾರವನ್ನು ಬದಿಗೆ ಸಾಗಿಸುತ್ತವೆ. ಕನ್ನಡ ಈ ಭೇದವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ: ಮಾವಿನೆಲೆಯದು ತೋರಣ, ಊರಬಾಗಿಲ ಸ್ವಾಗತದ್ದು ಕಮಾನು. ಪರ್ಷಿಯನ್ನಿನಲ್ಲಿ ‘ಕಮಾನ್’ ಎಂದರೆ ಬಿಲ್ಲು. ಪಿಟೀಲಿನ ಕಮಾನಿನಲ್ಲಿ ಆ ಅರ್ಥವೂ ನಮ್ಮಲ್ಲಿ ಉಳಿದಿದೆ.

ಒಂದೇ ಪಟ್ಟಿಯ ಒಳಗೂ ಈ ತೊಡಕು ತಪ್ಪಿದ್ದಲ್ಲ. ಉತ್ತರದ ನಾಗರ ಶೈಲಿಯಲ್ಲಿ ಗರ್ಭಗೃಹದ ಮೇಲಣ ಇಡೀ ಭಾಗ ‘ಶಿಖರ’. ದ್ರಾವಿಡ ಪರಂಪರೆಯಲ್ಲಿ ವಿಮಾನದ ತುದಿಯ ಒಂದು ಅಂಗವಷ್ಟೇ ಆ ಹೆಸರಿನದು. ‘ಹಿಂದೂ’ ಎಂಬ ಶೀರ್ಷಿಕೆ ಈ ಪ್ರಾದೇಶಿಕ ಭಿನ್ನತೆಯನ್ನು ಕಾಣಗೊಡುವುದಿಲ್ಲ. ಪದಕೋಶದಲ್ಲಿ ಪ್ರತಿ ಪದಕ್ಕೂ ಮೂಲ, ಕಾರ್ಯ, ಪ್ರದೇಶ ಎಂಬ ಮೂರು ಬೇರೆ ಬೇರೆ ನಮೂದುಗಳಿರುವುದು ಹೆಚ್ಚು ಪ್ರಯೋಜನಕರ. ಮತದ ನಮೂದು ಆರಾಧನೆಯ ಪದಗಳಿಗೆ ಮಾತ್ರ ಸಾಕು.

ಹೆಸರಿನಲ್ಲಿ ಮೊದಲು ಮತವನ್ನೇ ಹುಡುಕುವ ಈ ಅಭ್ಯಾಸದ ಫಲ ಐಹೊಳೆಯಲ್ಲಿ ಕಾಣುತ್ತದೆ. ಅಲ್ಲಿಯ ಲಾಡ್‌ಖಾನ್ ಗುಡಿಗೆ ಹೆಸರು ಬಂದದ್ದು ಒಂದು ಕಾಲದಲ್ಲಿ ಅದರಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ಅದು ಮಸೀದಿಯಿದ್ದಿರಬಹುದೆಂದು ಯಾರೂ ಊಹಿಸುವುದಿಲ್ಲ. ‘ದುರ್ಗ’ ಗುಡಿಯ ವಿಷಯ ಬೇರೆ. ಅದು ಕೋಟೆಗೆ ಹೊಂದಿದ್ದ ಗುಡಿ, ಅಂದರೆ ದುರ್ಗದ ಗುಡಿ. ಇಂಗ್ಲಿಷಿನ ‘ದುರ್ಗ ಟೆಂಪಲ್’ನಲ್ಲಿ ಷಷ್ಠಿಯ ‘ದ’ ಬಿದ್ದುಹೋಗಿ, ಅಕಾರಾಂತಕ್ಕೂ ಆಕಾರಾಂತಕ್ಕೂ ರೋಮನ್ ಲಿಪಿಯಲ್ಲಿ ಭೇದವಳಿದು, ಕೋಟೆಯ ಜಾಗದಲ್ಲಿ ದೇವಿ ಬಂದು ನಿಂತಳು. ಆ ಇಂಗ್ಲಿಷ್ ರೂಪ ಕನ್ನಡಕ್ಕೆ ‘ದುರ್ಗಾ ದೇವಾಲಯ’ವಾಗಿ ಮರಳುವುದೂ ಉಂಟು.