ಆಜೀವ ಸದಸ್ಯತ್ವಕ್ಕೆ ತಿಂಗಳ ಬಾಡಿಗೆ

ಸಂಘಕ್ಕೊಂದು ಸದಸ್ಯತ್ವ ತಂತ್ರಾಂಶ ಬೇಕೆಂದಾಗ ಪದಾಧಿಕಾರಿಗಳು ಮೊದಲು ಕೇಳುವುದು, ಅದರಲ್ಲಿ ಏನೇನಿದೆ ಎಂದು. ಆನ್‌ಲೈನ್ ಪಾವತಿ, ನವೀಕರಣದ ಎಸ್ಸೆಮ್ಮೆಸ್, ಗುರುತಿನ ಚೀಟಿ: ಪಟ್ಟಿ ಉದ್ದವಾದಷ್ಟೂ ತಂತ್ರಾಂಶ ಒಳ್ಳೆಯದೆಂಬ ನಂಬಿಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸಂಘಗಳ ಮಟ್ಟಿಗೆ ಈ ಅಳತೆಗೋಲೇ ತಪ್ಪು ಎನ್ನುತ್ತೇನೆ.

ಕನ್ನಡ ಸಾಹಿತ್ಯ ಪರಿಷತ್ತನ್ನೇ ನೋಡಿ. 1915ರಲ್ಲಿ ಹುಟ್ಟಿದ ಸಂಸ್ಥೆ; 2021ರ ಚುನಾವಣೆಯಲ್ಲಿ ಮತದಾರರೇ 3 ಲಕ್ಷ ದಾಟಿದ್ದರು. ಆಜೀವ ಸದಸ್ಯರು ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ನವೀಕರಣವೇ ಇಲ್ಲದಲ್ಲಿ ನೆನಪಿಸುವುದು ಯಾರಿಗೆ? ವೈಲ್ಡ್ ಆಪ್ರಿಕಾಟ್‌ನಂಥ ಹೆಸರಾಂತ ತಂತ್ರಾಂಶ ದರ ಕಟ್ಟುವುದು ಪಟ್ಟಿಯ ತಲೆ ಎಣಿಸಿ. ಶುಲ್ಕ ಬರುವುದು ಒಮ್ಮೆ, ಬಾಡಿಗೆ ಕಟ್ಟುವುದು ಸದಾ.

ಇಂಥ ಸಂಸ್ಥೆಯ ನಿಜವಾದ ಕೆಲಸ ಪಟ್ಟಿಯನ್ನು ಸರಿಯಾಗಿಡುವುದು. ತೀರಿಕೊಂಡವರು, ಊರು ಬಿಟ್ಟವರು, ಎರಡೆರಡು ಕಡೆ ನಮೂದಾದವರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾಯಿತು. ಅದಕ್ಕೂ ಮೊದಲು ಸೇರಿದ ಚಿಂತಾಮಣಿಯವರು ಹಳೆಯ ಅರ್ಜಿಯಲ್ಲಿ ಕೋಲಾರ ಜಿಲ್ಲೆಯವರು. ಪರಿಷತ್ತಿನ ಜಿಲ್ಲಾ ಅಧ್ಯಕ್ಷರನ್ನು ಆರಿಸುವವರೂ ಸದಸ್ಯರೇ ಆದ್ದರಿಂದ ವಿಳಾಸದ ತಪ್ಪು ಮತದ ತನಕ ಹೋಗುತ್ತದೆ.

ಹೆಸರಿನ ಪಾಡು ಇನ್ನೂ ದೊಡ್ಡದು. ಹೊರಗಿನ ತಂತ್ರಾಂಶ ಫಸ್ಟ್ ನೇಮ್, ಲಾಸ್ಟ್ ನೇಮ್ ಕೇಳುತ್ತದೆ. ಬರೀ ಮುನಿಯಪ್ಪ ಎಂದಿರುವವರಿಗೆ ಲಾಸ್ಟ್ ನೇಮ್ ಎಲ್ಲಿಂದ ತರುವುದು? ಕನ್ನಡ, ತೆಲುಗು ಎರಡೂ ಆಡುವ ಈ ಸೀಮೆಯಲ್ಲಿ ಒಂದು ಕಾಗದದ ವೆಂಕಟರಮಣಪ್ಪ ಇನ್ನೊಂದರಲ್ಲಿ ವೆಂಕಟರವಣಪ್ಪ. ಹಳೆಯ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರಂತೂ ಪರಿವರ್ತಿಸದೆ ಹೊಸ ತಂತ್ರಾಂಶದಲ್ಲಿ ಹುಡುಕಲೂ ಆಗದು.

ಹಾಗಾದರೆ ಎಕ್ಸೆಲ್ ಸಾಕಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೂ ಒಪ್ಪಲಾರೆ. ಆ ಹಾಳೆ ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ ಕೂತಿರುತ್ತದೆ; ಯಾರ ಹೆಸರನ್ನು ಯಾರು, ಯಾವಾಗ ತೆಗೆದರೆಂದು ಹೇಳುವುದಿಲ್ಲ. ಚುನಾವಣೆಯಲ್ಲಿ ಸೋತವರು ಕೇಳುವುದೇ ಅದನ್ನು. ಮುಕ್ತ ತಂತ್ರಾಂಶ ಸಿವಿಸಿಆರ್‌ಎಂ ಬದಲಾವಣೆಗಳ ದಾಖಲೆ ಇಡಬಲ್ಲದು, ನಿಧನರಾದವರನ್ನು ಬೇರೆಯಾಗಿ ಗುರುತಿಸುತ್ತದೆ, ತಲೆಗಿಷ್ಟೆಂದು ಲೈಸೆನ್ಸ್ ಶುಲ್ಕ ಕೇಳುವುದಿಲ್ಲ. ಆದರೆ ಅದಕ್ಕೆ ಸರ್ವರ್ ಬೇಕು, ಕೆಟ್ಟಾಗ ಸರಿಮಾಡುವವರು ಬೇಕು. ತಾಲೂಕು ಘಟಕವೊಂದು ಒಂಟಿಯಾಗಿ ಹೊರಲಾಗದ ಭಾರ ಅದು. ಜಿಲ್ಲೆಯ ಘಟಕಗಳು ಕೂಡಿ ಹೊರಬಹುದು.

ಆದ್ದರಿಂದ ಡೆಮೊಗೆ ಚಪ್ಪಾಳೆ ತಟ್ಟುವ ಮುನ್ನ, ನಮ್ಮ ಪಟ್ಟಿಯಲ್ಲೇ ಅತಿ ಗೋಜಲಾದ ಐವತ್ತು ನಮೂದುಗಳನ್ನು ಫೋನ್ ನಂಬರ್ ಅಳಿಸಿ ಮಾರಾಟಗಾರರ ಮುಂದಿಡಬೇಕು. ಇವನ್ನು ತುಂಬಿಸಿ, ಕನ್ನಡದಲ್ಲಿ ಹುಡುಕಿ, ಮತ್ತೆ ಒಂದೂ ಬಿಡದೆ ಹೊರತೆಗೆದು ಕೊಡಿ ಎನ್ನಬೇಕು. ಕೊನೆಯದು ಆಗದಿದ್ದರೆ ಉಳಿದ ಸೌಲಭ್ಯಗಳನ್ನು ನೋಡುವುದೇ ಬೇಡ. ಪದಾಧಿಕಾರಿಗಳ ಅವಧಿ ಮುಗಿಯುತ್ತದೆ, ಕಂಪನಿಯೂ ಮುಚ್ಚೀತು; ಬದುಕಿರುವಷ್ಟು ಕಾಲ ನೀವು ಸದಸ್ಯರೆಂದು ಮಾತು ಕೊಟ್ಟದ್ದು ಸಂಘ.