ಖೋತಾಚಿವಾಡಿಯ ಜಗಲಿಗಳು

ಮುಂಬಯಿಯ ವಿಕ್ಟೋರಿಯನ್ ವಾಸ್ತುಶಿಲ್ಪ ಎಂದೊಡನೆ ಬೋರಿಬಂದರಿನ ರೈಲು ನಿಲ್ದಾಣ, ಹೈಕೋರ್ಟು, ವಿಶ್ವವಿದ್ಯಾಲಯದ ಗಡಿಯಾರ ಗೋಪುರ ನೆನಪಾಗುತ್ತವೆ. ಯುನೆಸ್ಕೋ ಮನ್ನಣೆ ನಿಲ್ದಾಣಕ್ಕೆ 2004ರಲ್ಲಿ, ಉಳಿದೆರಡಕ್ಕೆ 2018ರಲ್ಲಿ ಸಿಕ್ಕಿತು. ಅವೆಲ್ಲ ದರ್ಪ ತೋರಲು ಕಟ್ಟಿಸಿದ ಕಲ್ಲಿನ ಕಟ್ಟಡಗಳು. ಆ ಕಾಲದ ಅಭಿರುಚಿ ಸಂಸಾರದೊಳಗೆ ಹೇಗೆ ಕಾಲಿಟ್ಟಿತೆಂದು ತಿಳಿಯಲು ಗಿರ್ಗಾಂವಿನ ಖೋತಾಚಿವಾಡಿಗೆ ಹೋಗಬೇಕು.

ಹದಿನೆಂಟನೇ ಶತಮಾನದ ಕೊನೆಗೆ ದಾದೋಬಾ ವಾಮನ ಖೋತ್ ಎಂಬ ಪಾಠಾರೆ ಪ್ರಭು ಸಮುದಾಯದ ಜಮೀನುದಾರ, ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಸ್ಥಳೀಯ ಕ್ರೈಸ್ತರಿಗೆ ಇಲ್ಲಿ ನಿವೇಶನ ಮಾರಿದ. ಮುಂದೆ ಅಲ್ಲಿ ಎದ್ದ ಮನೆಗಳಿಗೆ ಪ್ರವಾಸಿಗರು 'ಪೋರ್ಚುಗೀಸ್' ಎಂಬ ಚೀಟಿ ಅಂಟಿಸಿದ್ದಾರೆ. ನನಗದು ಅರ್ಧ ಸತ್ಯ. ಬೀದಿಗೆ ತೆರೆದ ಜಗಲಿ, ಮಳೆಗೆ ಹೆದರಿ ಮುಂದೆ ಚಾಚಿದ ಸೂರು ಕೊಂಕಣದವು. ಸೂರಂಚಿನ ಮರದ ಜಾಲರಿ ಮಾತ್ರ ವಿಕ್ಟೋರಿಯನ್ ಕಾಲದ ಇಂಗ್ಲಿಷ್ ಷೋಕಿ. ಮೇಲೆ ಹೊದ್ದದ್ದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಈ ಗಲ್ಲಿಯವರೆಗೂ ಬಂದಿತ್ತೆಂದರೆ ಕರಾವಳಿಯ ಓದುಗರು ತುಸು ಬೀಗಬಹುದು.

ಈ ಮನೆಗಳ ಜಾಣ್ಮೆಯೆಲ್ಲ ಹೊರಗಿನ ಮರದ ಮೆಟ್ಟಿಲಲ್ಲಿದೆ. ಮಹಡಿಯವರು ಕೆಳಮನೆಯ ನಡುಮನೆ ತುಳಿಯದೆ ನೇರ ಮೇಲೇರುತ್ತಾರೆ. ಒಂದೇ ಸೂರಿನಡಿ ಎರಡು ಒಲೆ ಉರಿದರೂ ಒಬ್ಬರ ಗುಟ್ಟು ಇನ್ನೊಬ್ಬರಿಗಿಲ್ಲ. ಮೆಟ್ಟಿಲಿಳಿದರೆ ಎದುರು ಮನೆಯವರು ಜಗಲಿಯಿಂದಲೇ ಮಾತಿಗೆಳೆಯುತ್ತಾರೆ. ಗಲ್ಲಿ ಇಷ್ಟು ಕಿರಿದಾಗಿರುವುದರಿಂದಲೇ ಅದು ಸಾಧ್ಯ. ಹಾಗೆಂದು ಕುರುಡು ಹೊಗಳಿಕೆ ಬೇಡ: ನಡುವಿನ ಕೋಣೆಗಳಿಗೆ ಬೆಳಕು ಸಾಲದು, ಮರಕ್ಕೆ ಗೆದ್ದಲಿನ ಕಾಟ, ಮುರಿದ ಕಟಾಂಜನಕ್ಕೆ ಹೊಂದುವ ತೇಗವೂ ದುಬಾರಿ, ಬಡಗಿಯೂ ದುಬಾರಿ.

ಮುಂಬಯಿಯ 1995ರ ಪಾರಂಪರಿಕ ನಿಯಮಾವಳಿ ಇಂಥ ಗಲ್ಲಿಗಳನ್ನೂ ಪಟ್ಟಿಗೆ ಸೇರಿಸಿತು. ದೇಶದಲ್ಲೇ ಅದು ಮೊದಲ ಪ್ರಯತ್ನ. ಆದರೂ ಒಂದು ಕಾಲಕ್ಕೆ 65 ಇದ್ದ ಮನೆಗಳಲ್ಲಿ ಈಗ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. ಪಟ್ಟಿ ಮಾಲೀಕನಿಗೆ ಕೆಡವಬೇಡ ಎನ್ನುತ್ತದೆ, ಹೆಂಚು ಬದಲಿಸಲು ಕಾಸು ಕೊಡುವುದಿಲ್ಲ. ಅದೇ ಹೊತ್ತಿಗೆ ಬಿಲ್ಡರ್ ಬಾಗಿಲಲ್ಲಿ ನಿಂತಿರುತ್ತಾನೆ. ಅದಕ್ಕಿಂತ ನನ್ನನ್ನು ಕಾಡುವುದು ಮುಂಭಾಗವನ್ನಷ್ಟೇ ಉಳಿಸುವ ಚಟ. ಜಾಲರಿಯ ನಕಲನ್ನು ಕಾಂಕ್ರೀಟಿಗೆ ಮೆತ್ತಿ, ಜಗಲಿಗೆ ಗಾಜು ಹಾಕಿ ಮುಚ್ಚಿ, ಮೆಟ್ಟಿಲನ್ನು ಒಳಗೆಳೆದುಕೊಂಡ ಮನೆ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಕೂತು ಎದುರು ಮನೆಯವರೊಂದಿಗೆ ಮಾತಾಡಲು ಜಾಗವೇ ಇಲ್ಲ. ಅಂಥ ರಿಪೇರಿಗಿಂತ ಬಣ್ಣ ಮಾಸಿದರೂ ಜಗಲಿ ತೆರೆದಿಟ್ಟುಕೊಂಡ ಪಕ್ಕದ ಮನೆಯೇ ನನ್ನ ಮಟ್ಟಿಗೆ ಒಳ್ಳೆಯ ಸಂರಕ್ಷಣೆ.